ಮಲೆನಾಡಿನ ಮನೆಗೆ ಶಿಂಗಲ್ಸಾ, ಮಂಗಳೂರು ಹಂಚಾ?

ಮೊದಲು ಒಂದು ನೋಡಿ: ನಿಮ್ಮ ಮನೆಯ ಛಾವಣಿ ಇಳಿಜಾರಿನ ಆರ್‌ಸಿಸಿಯೋ (ಕಾಂಕ್ರೀಟ್ ಸ್ಲ್ಯಾಬ್), ಬರೀ ಪಕಾಸು-ರೀಪೋ (ಇಳಿಜಾರು ತೊಲೆ, ಅದರ ಮೇಲೆ ಅಡ್ಡಪಟ್ಟಿ)? ಆಸ್ಫಾಲ್ಟ್ ಶಿಂಗಲ್ಸ್ ಅಂದರೆ ಫೈಬರ್‌ಗ್ಲಾಸ್ ಹಾಳೆಗೆ ಡಾಂಬರು ಮೆತ್ತಿ, ಮೇಲೆ ಕಲ್ಲಿನ ಹರಳು ಉದುರಿಸಿದ್ದು. ಮುಟ್ಟಿದರೆ ಉಪ್ಪುಕಾಗದದಂತೆ ತರಿತರಿ, ಹಿಡಿದರೆ ಬಾಗುತ್ತದೆ. ಹಾಗಾಗಿ ಅಡಿಯಲ್ಲಿ ಪ್ಲೈವುಡ್ಡೋ ಸ್ಲ್ಯಾಬೋ ಬೇಕೇ ಬೇಕು, ಆ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಹಂಚು ಹಾಗಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಕಾರ್ಖಾನೆ ಹಾಕಿ ಮಾಡಲು ಶುರುಮಾಡಿದ ಈ ಹಂಚು ರೀಪಿಗೆ ಸಿಕ್ಕಿಕೊಂಡು ಕೂರುತ್ತದೆ, ಸಂದಿಯಲ್ಲಿ ಗಾಳಿಯಾಡಿ ಒಳಗೆ ತಂಪು. ಮಂಗ ಹಾರಿ ಒಡೆದರೆ ಆ ಒಂದನ್ನೇ ಬದಲಿಸಿದರಾಯ್ತು. ಆದರೆ ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಮೇಲೆ ಹತ್ತಿ ಸರಿದ, ಒಡೆದ ಹಂಚು ನೋಡಿ ಕೈಯಾಡಿಸಬೇಕು, ಹತ್ತುವವರು ಸಿಗುವುದೇ ಕಷ್ಟ ಅಲ್ವಾ?

ಸ್ಲ್ಯಾಬ್ ಇದ್ದರೆ ಶಿಂಗಲ್ಸ್ ಹಾಕಿ, ಹಗುರ. ಪಕಾಸಿನ ಮನೆಗೆ ನಾನಂತೂ ಹಂಚೇ ಅನ್ನುತ್ತೇನೆ.