ನ್ಯೂಸ್‌ರೀಡರ್ ಆರಿಸೋ ಮುಂಚೆ ಅದರ ಫಿಲ್ಟರ್ ನೋಡಿ: ಪ್ಯಾನ್, ಎಸ್ಎಲ್ಆರ್‌ಎನ್, ಥಂಡರ್‌ಬರ್ಡ್ ರಿವ್ಯೂ

ಯೂಸ್‌ನೆಟ್ ಅಂದ್ರೆ ವಿಷಯಕ್ಕೊಂದು ಗ್ರೂಪ್ ಇರೋ, ಸರ್ವರಿಂದ ಸರ್ವರ್‌ಗೆ ಮೆಸೇಜ್ ಹರಡೋ ಹಳೇ ಚರ್ಚಾಜಾಲ, ಅದನ್ನ ಓದಿ ಬರೆಯೋ ಸಾಫ್ಟ್‌ವೇರೇ ನ್ಯೂಸ್‌ರೀಡರ್. ಯಾವ ನ್ಯೂಸ್‌ರೀಡರ್ ಒಳ್ಳೇದು ಅಂತ ಹುಡುಕಿದ್ರೆ ಸಿಗೋ ಪಟ್ಟಿಗಳಲ್ಲಿ ಹೆಚ್ಚಿನವು ದೊಡ್ಡ ದೊಡ್ಡ ಫೈಲ್ ಇಳಿಸ್ಕೊಳ್ಳೋರಿಗೆ ಬರೆದಿರೋದು. ಎಷ್ಟು ಕನೆಕ್ಷನ್, ಎಷ್ಟು ಸ್ಪೀಡು, ಎನ್‌ಝಡ್‌ಬಿ ಫೈಲ್ (ಇಳಿಸ್ಕೊಳ್ಳಬೇಕಾದ ತುಂಡುಗಳ ಪಟ್ಟಿ) ತೆಗೆಯತ್ತಾ ಇಲ್ವಾ, ಬರೀ ಇದೇ. ಚರ್ಚೆ ಓದಿ ಉತ್ತರ ಬರೆಯೋರಿಗೆ ಅದ್ರಿಂದ ಮೂರು ಕಾಸಿನ ಪ್ರಯೋಜನ ಇಲ್ಲ. ನಮಗೆ ಬೇಕಿರೋದು ಏನಂದ್ರೆ ಗ್ರೂಪ್ ತೆಗೆದ ತಕ್ಷಣ ಓದೋ ಅಂಥದ್ದು ಮೇಲೆ ಕಾಣಬೇಕು, ಸ್ಪ್ಯಾಮ್ ಕಣ್ಣಿಗೆ ಬೀಳಬಾರದು, ಹಂಗಂತ ಸ್ಪ್ಯಾಮ್ ಜೊತೆ ಒಳ್ಳೇ ಪೋಸ್ಟೂ ಕೊಚ್ಕೊಂಡು ಹೋಗಬಾರದು. ಹಾಗಾಗಿ ಈ ರಿವ್ಯೂನಲ್ಲಿ ನಾನು ಫಾಂಟು, ಥೀಮು, ಐಕಾನ್ ಬಗ್ಗೆ ಜಾಸ್ತಿ ಮಾತಾಡಲ್ಲ, ಫಿಲ್ಟರ್ ಹೇಗಿದೆ ಅನ್ನೋದೊಂದರ ಮೇಲೇ ಮಾರ್ಕ್ಸ್ ಕೊಡ್ತೀನಿ, ಯಾಕಂದ್ರೆ ಫಿಲ್ಟರ್ ಸರಿ ಇಲ್ಲದ ನ್ಯೂಸ್‌ರೀಡರ್ ಎಷ್ಟೇ ಚೆಂದ ಇದ್ರೂ ಒಂದು ವಾರದಲ್ಲಿ ಬೇಜಾರು ಹಿಡಿಸಿಬಿಡತ್ತೆ.

ಸ್ಪ್ಯಾಮ್ ಬಗ್ಗೆ ಸ್ವಲ್ಪ ಹಿನ್ನೆಲೆ ಗೊತ್ತಿದ್ರೆ ಮುಂದಿನದು ಸುಲಭ. 1994ರ ಏಪ್ರಿಲ್‌ನಲ್ಲಿ ಅಮೆರಿಕದ ಇಬ್ಬರು ವಕೀಲರು ಗ್ರೀನ್ ಕಾರ್ಡ್ ಲಾಟರಿ ಜಾಹೀರಾತನ್ನ ಸಾವಿರಾರು ಗ್ರೂಪ್‌ಗಳಿಗೆ ಸುರಿದ್ರಲ್ಲ, ಅದರಲ್ಲಿ ಜನಕ್ಕೆ ಸಿಟ್ಟು ಬಂದಿದ್ದು ಜಾಹೀರಾತು ಅನ್ನೋ ಒಂದೇ ಕಾರಣಕ್ಕಲ್ಲ, ಅದನ್ನ ಕ್ರಾಸ್‌ಪೋಸ್ಟ್ ಮಾಡದೆ (ಅಂದ್ರೆ ಒಂದೇ ಮೆಸೇಜನ್ನ ಹಲವು ಗ್ರೂಪ್‌ಗೆ ಒಟ್ಟಿಗೆ ಕಳಿಸದೆ) ಒಂದೊಂದು ಗ್ರೂಪ್‌ಗೂ ಬೇರೆ ಬೇರೆಯಾಗಿ ಹಾಕಿದ್ದಕ್ಕೆ. ಕ್ರಾಸ್‌ಪೋಸ್ಟ್ ಮಾಡಿದ್ರೆ ಎಲ್ಲಾ ಗ್ರೂಪ್‌ಗೂ ಸೇರಿ ಮೆಸೇಜ್ ಒಂದೇ, ಪ್ರತಿ ಮೆಸೇಜಿಗೂ ಇರೋ ಗುರುತು, ಅಂದ್ರೆ ಮೆಸೇಜ್ ಐಡಿನೂ ಒಂದೇ, ಒಂದು ಕಡೆ ಓದಿದ್ರೆ ಇನ್ನೊಂದು ಕಡೆ ಓದಿದ್ದು ಅಂತ ಗುರುತು ಹಾಕೋಕೆ ಒಳ್ಳೇ ರೀಡರ್‌ಗೆ ಆಗತ್ತೆ. ಬೇರೆ ಬೇರೆ ಹಾಕಿದ್ರೆ ಪ್ರತಿಯೊಂದೂ ಹೊಸಾ ಮೆಸೇಜ್, ಹೋದ ಗ್ರೂಪಲ್ಲೆಲ್ಲಾ ಅದೇ ದರ್ಶನ. ಆಮೇಲೆ ಬಂದ ಬ್ರೈಡ್‌ಬಾರ್ಟ್ ಇಂಡೆಕ್ಸ್ ಅನ್ನೋ ಲೆಕ್ಕಾಚಾರ ಇದನ್ನೇ ಅಳೆಯೋದು: ಒಂದೊಂದು ಕಾಪಿ ಎಷ್ಟು ಗ್ರೂಪ್‌ಗೆ ಹೋಗಿದೆಯೋ ಆ ಸಂಖ್ಯೆಯ ವರ್ಗಮೂಲ ತಗೊಂಡು ಎಲ್ಲಾ ಕೂಡಿಸೋದು. ಒಂದೇ ಸಲ 9 ಗ್ರೂಪ್‌ಗೆ ಕ್ರಾಸ್‌ಪೋಸ್ಟ್ ಮಾಡಿದ್ರೆ 3, ಅದೇ 9 ಗ್ರೂಪ್‌ಗೆ ಬಿಡಿಬಿಡಿಯಾಗಿ ಹಾಕಿದ್ರೆ 9. 45 ದಿನದಲ್ಲಿ 20 ದಾಟಿದ್ರೆ ಸ್ಪ್ಯಾಮ್ ಅಂತ ಕ್ಯಾನ್ಸಲ್ ಮಾಡಬಹುದು, ಅಂದ್ರೆ ಸರ್ವರ್‌ಗಳಿಂದ ಅಳಿಸಬಹುದು ಅನ್ನೋದು ಬಹಳ ಕಡೆ ಒಪ್ಪಿಕೊಂಡಿದ್ದ ಗಡಿ.

ಇಲ್ಲಿ ಗಮನಿಸಬೇಕಾದ್ದು ಏನಂದ್ರೆ ಈ ಲೆಕ್ಕ ಹಾಕೋಕೆ ಎಲ್ಲಾ ಗ್ರೂಪೂ ಕಾಣಬೇಕು. ಅದು ಸರ್ವರ್‌ಗೆ ಮಾತ್ರ ಸಾಧ್ಯ, ನಿಮ್ಮ ಕಂಪ್ಯೂಟರಲ್ಲಿರೋ ನ್ಯೂಸ್‌ರೀಡರ್‌ಗೆ ನೀವು ಸೇರಿರೋ ಹತ್ತಿಪ್ಪತ್ತು ಗ್ರೂಪ್ ಬಿಟ್ಟು ಬೇರೇನೂ ಗೊತ್ತಿರಲ್ಲ. ಅದಕ್ಕೇ ನಾನು ಹೇಳೋದು, ಸಾಫ್ಟ್‌ವೇರ್‌ಗಿಂತ ಮೊದ್ಲು ಸರ್ವರ್ ನೋಡ್ಕೊಳ್ಳಿ ಅಂತ. ಎಷ್ಟೋ ಸರ್ವರ್‌ಗಳು ಐಎನ್‌ಎನ್ ಅನ್ನೋ ನ್ಯೂಸ್ ಸರ್ವರ್ ಸಾಫ್ಟ್‌ವೇರ್ ಮೇಲೆ ಕ್ಲೀನ್‌ಫೀಡ್ ಅನ್ನೋ ಫಿಲ್ಟರ್ ಓಡಿಸ್ತಾರೆ, ಅದು ಒಂದೇ ಥರದ ಮೆಸೇಜ್ ಪದೇ ಪದೇ ಬಂದ್ರೆ ಗುರುತು ಹಿಡಿದು ಬಾಗಿಲಲ್ಲೇ ನಿಲ್ಲಿಸತ್ತೆ. ಎಟರ್ನಲ್ ಸೆಪ್ಟೆಂಬರ್ ಬರೀ ಟೆಕ್ಸ್ಟ್ ಗ್ರೂಪ್‌ಗಳಿಗೆ ಅಂತಲೇ ಇರೋ ಫ್ರೀ ಸರ್ವರ್, ರಿಜಿಸ್ಟರ್ ಆಗಿ ಯೂಸರ್‌ನೇಮ್ ಪಾಸ್‌ವರ್ಡ್ ತಗೋಬೇಕು, ಚರ್ಚೆಗೆ ಅಷ್ಟು ಸಾಕು. ಕನೆಕ್ಟ್ ಆಗುವಾಗ ಹಳೇ 119ನೇ ಪೋರ್ಟ್ ಬಿಟ್ಟು ಟಿಎಲ್ಎಸ್ (ಗೂಢಲಿಪಿ ರಕ್ಷಣೆ) ಇರೋ 563 ಹಾಕ್ಕೊಳ್ಳಿ, ಇಲ್ಲಾಂದ್ರೆ ಪಾಸ್‌ವರ್ಡ್ ಬಟ್ಟಾಬಯಲಲ್ಲಿ ಹೋಗತ್ತೆ.

2024ರ ಫೆಬ್ರವರಿ 22ಕ್ಕೆ ಗೂಗಲ್ ಗ್ರೂಪ್ಸ್ ಯೂಸ್‌ನೆಟ್ ಜೊತೆ ಇದ್ದ ಪೋಸ್ಟಿಂಗ್ ಸಂಬಂಧ ಕಡಿದುಕೊಳ್ತು, ಹಳೇ ಮೆಸೇಜ್ ಹುಡುಕಬಹುದು, ಹೊಸದು ಹಾಕೋಕಾಗಲ್ಲ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಆ ದಾರಿಯಿಂದ ಬರ್ತಿದ್ದ ಸ್ಪ್ಯಾಮ್ ಎಷ್ಟಿತ್ತು ಅಂದ್ರೆ ಕೆಲವು ಗ್ರೂಪ್‌ಗಳಲ್ಲಿ ಅಸಲಿ ಪೋಸ್ಟನ್ನ ಹುಡುಕಿ ಓದಬೇಕಿತ್ತು. ಆಗ ಕಳಿಸೋರ ಹೆಸರು ಹಿಡಿದು ಬ್ಲಾಕ್ ಮಾಡೋದು ವೇಸ್ಟು, ಪ್ರತಿ ಸಲ ಹೊಸ ಹೆಸರು, ಸಬ್ಜೆಕ್ಟಲ್ಲೂ ಅಕ್ಷರ ಹಿಂದೆ ಮುಂದೆ. ಬದಲಾಗದೆ ಇದ್ದಿದ್ದು ಮೆಸೇಜ್ ಐಡಿಯ ಕೊನೆ ಭಾಗ, ಅಟ್ ಚಿಹ್ನೆ ಆದ ಮೇಲೆ ಗೂಗಲ್‌ಗ್ರೂಪ್ಸ್ ಡಾಟ್ ಕಾಮ್ ಅಂತ. ಆ ಒಂದು ತುಂಡನ್ನ ಹಿಡಿದು ರೂಲ್ ಬರೆದೋರಿಗೆ ಒಂದೇ ಏಟಿಗೆ ಗ್ರೂಪ್ ತಿಳಿಯಾಯ್ತು. ಆದ್ರೆ ಅದೇ ದಾರಿಯಲ್ಲಿ ಒಳ್ಳೇ ಜನಾನೂ ಬರೀತಿದ್ರಲ್ಲ, ಅವರನ್ನ ಕಳ್ಕೊಳ್ಳದೆ ಇರೋದು ಹೇಗೆ? ಉತ್ತರ ಸ್ಕೋರಿಂಗ್, ಈ ರಿವ್ಯೂದಲ್ಲಿ ನಾನು ಪಟ್ಟು ಹಿಡಿಯೋದು ಇದೊಂದಕ್ಕೇ.

ಹಳೇ ಕಿಲ್‌ಫೈಲ್ ಅಂದ್ರೆ ಹೊಂದಿದ್ರೆ ಕಿತ್ತು ಹಾಕು, ಅಷ್ಟೇ. ಸ್ಕೋರಿಂಗ್‌ನಲ್ಲಿ ಪ್ರತಿ ಮೆಸೇಜಿಗೂ ಅಂಕ. ಅನುಮಾನದ ಸರ್ವರಿಂದ ಬಂದಿದ್ಯಾ, ಮೈನಸ್ 500. ಐದಾರು ಗ್ರೂಪ್‌ಗೆ ಕ್ರಾಸ್‌ಪೋಸ್ಟ್ ಆಗಿದ್ಯಾ, ಇನ್ನೊಂದು ಮೈನಸ್ 500. ಬರೆದಿರೋದು ನೀವು ಇಷ್ಟಪಟ್ಟು ಓದೋ ವ್ಯಕ್ತಿನಾ, ಪ್ಲಸ್ 2000. ಎಲ್ಲಾ ಕೂಡಿಸಿ ಬಂದ ಅಂಕದ ಮೇಲೆ ಮೇಲಿಡೋದೋ ಬಚ್ಚಿಡೋದೋ ಅಂತ ತೀರ್ಮಾನ. ಹೀಗಾಗಿ ಒಳ್ಳೇ ಬರಹಗಾರ ಕೆಟ್ಟ ದಾರಿಯಿಂದ ಬಂದ್ರೂ ಉಳ್ಕೋತಾನೆ. ಒಂದು ರೂಲ್ ತಪ್ಪಾದ್ರೆ ಪೂರ್ತಿ ಗ್ರೂಪ್ ಮಾಯ ಆಗೋ ಭಯನೂ ಇಲ್ಲ.

ಈಗ ಪ್ಯಾನ್. ನನ್ನ ಪ್ರಕಾರ ಸ್ಕೋರಿಂಗನ್ನ ಮೌಸಲ್ಲೇ ಮಾಡ್ಬೇಕು ಅನ್ನೋರಿಗೆ ಇದಕ್ಕಿಂತ ಒಳ್ಳೇದಿಲ್ಲ. ಒಂದು ಕಡೆ ಗ್ರೂಪ್ ಪಟ್ಟಿ, ಒಂದು ಕಡೆ ಹೆಡರ್ (ಸಬ್ಜೆಕ್ಟ್, ಕಳಿಸಿದೋರ ಹೆಸರು, ದಿನಾಂಕ ಥರದ ವಿವರ), ಇನ್ನೊಂದು ಕಡೆ ಮೆಸೇಜು, ಅದೇ ಹಳೇ ಮೂರು ಭಾಗದ ಲೇಔಟು. ಮೆಸೇಜ್ ಸೆಲೆಕ್ಟ್ ಮಾಡಿ ಸ್ಕೋರಿಂಗ್ ರೂಲ್ ಸೇರಿಸು ಅಂದ್ರೆ ಒಂದು ಸಣ್ಣ ಕಿಟಕಿ ಬರತ್ತೆ, ಯಾವ ಗ್ರೂಪ್‌ಗೆ ಅನ್ವಯ, ಲೇಖಕರ ಹೆಸರಾ ಸಬ್ಜೆಕ್ಟಾ ಮೆಸೇಜ್ ಐಡಿನಾ ಕ್ರಾಸ್‌ಪೋಸ್ಟ್ ಸಂಖ್ಯೆನಾ, ಅಂಕ ಕೂಡಿಸೋದಾ ಕಳೆಯೋದಾ, ಮತ್ತೆ ಈ ರೂಲ್ ಎಷ್ಟು ದಿನ ಇರಬೇಕು. ಈ ಕೊನೇದು ನನಗೆ ತುಂಬಾ ಇಷ್ಟ. ಸ್ಪ್ಯಾಮರ್ ಒಂದು ತಿಂಗಳು ಒಂದು ಹೆಸರಲ್ಲಿ ಕುಣಿದು ಮಾಯ ಆಗ್ತಾನೆ, ಅವನ ಹೆಸರಿನ ರೂಲ್ ವರ್ಷಗಟ್ಟಲೆ ಯಾಕೆ ಹೊತ್ಕೊಂಡು ಓಡಾಡ್ಬೇಕು. ಅವಧಿ ಹಾಕಿದ್ರೆ ಅಲ್ಲಿಗೆ ಅದರ ಆಟ ಮುಗೀತು.

ಇನ್ನೊಂದು, ಈ ಮೆಸೇಜಿಗೆ ಯಾಕೆ ಈ ಸ್ಕೋರ್ ಬಂತು ಅಂತ ಕೇಳಿದ್ರೆ ಪ್ಯಾನ್ ಯಾವ ಯಾವ ರೂಲ್ ಎಷ್ಟೆಷ್ಟು ಅಂಕ ಕೊಡ್ತು ಅಂತ ತೋರಿಸತ್ತೆ. ಮೈನಸ್ 9999 ಅಂದ್ರೆ ಇಗ್ನೋರ್, 9999 ಅಂದ್ರೆ ವಾಚ್, ಮಧ್ಯದ್ದೆಲ್ಲಾ ಲೋ, ನಾರ್ಮಲ್, ಮೀಡಿಯಂ, ಹೈ. ವ್ಯೂ ಮೆನುನಲ್ಲಿ ಇವುಗಳಲ್ಲಿ ಯಾವುದು ಕಾಣಬೇಕು ಅಂತ ಟಿಕ್ ಮಾಡ್ಕೊಬಹುದು, ಹಾಗಾಗಿ ವಾರಕ್ಕೊಂದು ಸಲ ಲೋ ತೆಗೆದು ಏನಾದ್ರೂ ಒಳ್ಳೇದು ಸಿಕ್ಕಿಹಾಕ್ಕೊಂಡಿದ್ಯಾ ಅಂತ ನೋಡೋದು ಸುಲಭ. ಕೊರತೆ ಏನಂದ್ರೆ ಇದು ಮೂಲತಃ ಲಿನಕ್ಸ್ ಕಡೆಯ ಸಾಫ್ಟ್‌ವೇರು, ಬೇರೆ ಕಡೆ ಇನ್‌ಸ್ಟಾಲ್ ಮಾಡೋದು ಅಷ್ಟು ಸಲೀಸಲ್ಲ, ಮುಖಲಕ್ಷಣನೂ ಹಳೇ ಕಾಲದ್ದು.

ಎಸ್ಎಲ್ಆರ್‌ಎನ್ ಟರ್ಮಿನಲ್‌ನಲ್ಲಿ ಓಡೋದು, ಬರೀ ಕೀಬೋರ್ಡು. ಸ್ಪೀಡು ಅಂದ್ರೆ ಸ್ಪೀಡು. ಇದರ ಸ್ಕೋರ್‌ಫೈಲ್ ಸಾದಾ ಟೆಕ್ಸ್ಟು, ಚೌಕ ಬ್ರಾಕೆಟ್‌ನಲ್ಲಿ ಗ್ರೂಪ್ ಹೆಸರು, ಕೆಳಗೆ ಸ್ಕೋರು, ಅದರ ಕೆಳಗೆ ಯಾವ ಹೆಡರಲ್ಲಿ ಏನಿರಬೇಕು ಅನ್ನೋ ರೆಗ್ಯುಲರ್ ಎಕ್ಸ್‌ಪ್ರೆಷನ್, ಅಂದ್ರೆ ಅಕ್ಷರಗಳ ಮಾದರಿ ಹೇಳೋ ಸೂತ್ರ. ಸ್ಕೋರ್ ಅನ್ನೋ ಪದದ ಮುಂದೆ ಒಂದು ಕೋಲನ್ ಹಾಕಿದ್ರೆ ಕೆಳಗಿನ ಎಲ್ಲಾ ಸಾಲೂ ಹೊಂದಬೇಕು, ಎರಡು ಕೋಲನ್ ಹಾಕಿದ್ರೆ ಯಾವುದಾದ್ರೂ ಒಂದು ಹೊಂದಿದ್ರೆ ಸಾಕು, ಇಷ್ಟು ಗೊತ್ತಿದ್ರೆ ಮುಕ್ಕಾಲು ಕೆಲಸ ಆಯ್ತು. ಕ್ರಾಸ್‌ಪೋಸ್ಟ್ ಹಿಡಿಯೋ ಉಪಾಯ ಒಂದಿದೆ, ನೋಡೋಕೂ ಖುಷಿ: ಎಕ್ಸ್‌ರೆಫ್ ಅನ್ನೋ ಹೆಡರಲ್ಲಿ ಪ್ರತಿ ಗ್ರೂಪಿನ ಹೆಸರು, ಒಂದು ಕೋಲನ್, ಅಲ್ಲಿನ ಮೆಸೇಜ್ ನಂಬರ್ ಹೀಗೆ ಸಾಲಾಗಿ ಇರತ್ತೆ, ಹಂಗಾಗಿ ಅದರ ಒಳಗಿರೋ ಕೋಲನ್ ಎಣಿಸಿದ್ರೆ ಗ್ರೂಪ್ ಎಣಿಸಿದ ಹಾಗೆ. ನಾಲ್ಕು ಕೋಲನ್ ಇದ್ರೆ ಅಂಕ ಕಡಿಮೆ ಮಾಡು ಅಂತ ಒಂದೇ ಸಾಲಿನ ರೂಲ್. ಹತ್ತಾರು ಗ್ರೂಪ್‌ಗೆ ಬೆಂಕಿ ಹಚ್ಚೋಕೆ ಬರೋ ಜಗಳಗಂಟರು ಇದರಲ್ಲೇ ಬಹುಪಾಲು ಕೆಳಗೆ ಹೋಗ್ತಾರೆ. ಒಂದು ಎಚ್ಚರ, ನಿಮ್ಮ ಸರ್ವರ್‌ನಲ್ಲಿ ಇಲ್ಲದ ಗ್ರೂಪ್ ಎಕ್ಸ್‌ರೆಫ್‌ನಲ್ಲಿ ಬರಲ್ಲ, ಲೆಕ್ಕ ಸ್ವಲ್ಪ ಕಡಿಮೆನೇ ಸಿಗತ್ತೆ.

ಯಾವ ರೀಡರ್ ಆದ್ರೂ ಈ ಒಂದು ವಿಷಯ ತಿಳ್ಕೊಂಡಿರಿ. ಗ್ರೂಪ್ ತೆಗೆದಾಗ ರೀಡರ್ ಸರ್ವರಿಂದ ಪೂರ್ತಿ ಹೆಡರ್ ತರಲ್ಲ, ಓವರ್‌ವ್ಯೂ ಅಂತ ಒಂದು ಸಂಕ್ಷಿಪ್ತ ಪಟ್ಟಿ ತರತ್ತೆ. ಅದರಲ್ಲಿರೋದು ಸಬ್ಜೆಕ್ಟ್, ಫ್ರಮ್, ಡೇಟ್, ಮೆಸೇಜ್ ಐಡಿ, ರೆಫರೆನ್ಸಸ್ (ಯಾವ ಮೆಸೇಜುಗಳಿಗೆ ಉತ್ತರ ಅನ್ನೋ ಪಟ್ಟಿ), ಎಷ್ಟು ಬೈಟು, ಎಷ್ಟು ಸಾಲು, ಸಾಮಾನ್ಯವಾಗಿ ಎಕ್ಸ್‌ರೆಫ್. ಇವುಗಳ ಮೇಲಿನ ರೂಲ್ ಕ್ಷಣದಲ್ಲಿ ಓಡತ್ತೆ. ಪಾತ್ (ಮೆಸೇಜ್ ಹಾದು ಬಂದ ಸರ್ವರ್‌ಗಳ ಪಟ್ಟಿ) ಅಥವಾ ಇಂಜೆಕ್ಷನ್ ಇನ್ಫೋ ತರದ ಹೆಡರ್ ಮೇಲೆ ರೂಲ್ ಹಾಕಿದ್ರೆ ಅದಕ್ಕೋಸ್ಕರ ಸರ್ವರನ್ನ ಮತ್ತೆ ಕೇಳಬೇಕು, ದೊಡ್ಡ ಗ್ರೂಪಲ್ಲಿ ತೂಕಡಿಸೋ ಅಷ್ಟು ನಿಧಾನ ಆಗಬಹುದು. ಮೆಸೇಜ್ ಯಾವ ಸರ್ವರಿಂದ ಒಳಗೆ ಬಂತು ಅಂತ ಇಂಜೆಕ್ಷನ್ ಇನ್ಫೋ ಹೇಳತ್ತೆ ನಿಜ, ಆದ್ರೆ ಎಷ್ಟೋ ಸಲ ಮೆಸೇಜ್ ಐಡಿಯ ಬಾಲದಲ್ಲೇ ಅದರ ಸುಳಿವು ಪುಕ್ಕಟೆ ಸಿಗತ್ತೆ, ಮೊದ್ಲು ಅಲ್ಲಿ ನೋಡಿ.

ಥಂಡರ್‌ಬರ್ಡ್ ಬಗ್ಗೆ ಮಿಶ್ರ ಅಭಿಪ್ರಾಯ. ಮೇಲ್‌ಗೆ ಅದನ್ನೇ ಬಳಸೋರು ಒಂದು ನ್ಯೂಸ್ ಅಕೌಂಟ್ ಸೇರಿಸಿದ್ರೆ ಆಯ್ತು, ಕಲಿಯೋದೇ ಇಲ್ಲ, ಎಲ್ಲಾ ಸಿಸ್ಟಮ್‌ನಲ್ಲೂ ಓಡತ್ತೆ, ಕನ್ನಡ ಅಕ್ಷರ ನೀಟಾಗಿ ಕಾಣತ್ತೆ. ಬೇಡದ ಚರ್ಚೆ ಮೇಲೆ ನಿಂತು ಕೆ ಒತ್ತಿದ್ರೆ ಆ ಪೂರ್ತಿ ಥ್ರೆಡ್ ಇಗ್ನೋರು, ಶಿಫ್ಟ್ ಹಿಡಿದು ಕೆ ಒತ್ತಿದ್ರೆ ಆ ಕೊಂಬೆ ಮಾತ್ರ, ಡಬ್ಲ್ಯೂ ಒತ್ತಿದ್ರೆ ವಾಚು. ಈ ಮೂರು ಕೀ ನಿಜವಾಗ್ಲೂ ಉಪಯೋಗ, ಅದರಲ್ಲೂ ಕೊಂಬೆ ಕತ್ತರಿಸೋದು, ಚರ್ಚೆ ಚೆನ್ನಾಗಿದ್ದು ಮಧ್ಯೆ ಇಬ್ಬರು ಕಚ್ಚಾಡ್ಕೊಂಡು ಬೇರೆ ಕಡೆ ಹೋಗಿರ್ತಾರಲ್ಲ, ಅದಕ್ಕೆ. ಆದ್ರೆ ಸ್ಕೋರಿಂಗ್ ಇಲ್ಲ. ಫಿಲ್ಟರ್ ಇದೆ, ಹೊಂದಿದ್ರೆ ಓದಿದ್ದು ಅಂತ ಗುರುತು ಹಾಕು, ಥ್ರೆಡ್ ಇಗ್ನೋರ್ ಮಾಡು, ಡಿಲೀಟ್ ಮಾಡು, ಹೀಗೆ. ಹೌದು ಇಲ್ಲ ಎರಡೇ ಉತ್ತರ, ಮಧ್ಯದ ಅಂಕ ಇಲ್ಲ. ಮೇಲ್‌ನಲ್ಲಿ ತಾನೇ ಕಲಿಯೋ ಜಂಕ್ ಫಿಲ್ಟರ್ ಇದ್ಯಲ್ಲ, ನ್ಯೂಸ್‌ಗ್ರೂಪ್‌ನಲ್ಲಿ ಅದನ್ನ ನಂಬ್ಕೊಂಡು ಕೂರಬೇಡಿ, ಆ ಥರ ಕಲಿಯೋಕೆ ಮೆಸೇಜಿನ ಒಳಗಿನ ಪದಗಳು ಬೇಕು, ಇಲ್ಲಿ ಮೊದ್ಲು ಬರೋದು ಹೆಡರ್ ಮಾತ್ರ. ಥಂಡರ್‌ಬರ್ಡಲ್ಲೇ ಇರೋರು ಫಿಲ್ಟರ್ ಹಾಕುವಾಗ ಡಿಲೀಟ್ ಬದಲು ಓದಿದ್ದು ಅಂತ ಗುರುತು ಹಾಕೋದನ್ನ ಆರಿಸ್ಕೊಳ್ಳಿ, ಓದದೇ ಇರೋದು ಮಾತ್ರ ತೋರಿಸು ಅಂತ ವ್ಯೂ ಇಟ್ಕೊಂಡ್ರೆ ಪರಿಣಾಮ ಒಂದೇ, ಬೇಕಾದ್ರೆ ಹಿಂದೆ ಹೋಗಿ ನೋಡಬಹುದು.

ಈಮ್ಯಾಕ್ಸ್ ಅನ್ನೋ ಟೆಕ್ಸ್ಟ್ ಎಡಿಟರ್ ಬಳಸೋರಿಗೆ ಅದರೊಳಗೇ ಓಡೋ ಗ್ನಸ್ ಇದೆ, ಅದರ ಅಡಾಪ್ಟಿವ್ ಸ್ಕೋರಿಂಗ್ ನೀವು ಏನನ್ನ ಓದ್ತೀರಿ ಏನನ್ನ ಓದದೇ ತಳ್ತೀರಿ ಅಂತ ನೋಡಿ ಅಂಕ ತಾನೇ ಬದಲಾಯಿಸ್ಕೊಳ್ಳತ್ತೆ, ಶಕ್ತಿಯಲ್ಲಿ ಎಲ್ಲಕ್ಕಿಂತ ಮೇಲೆ. ಆದ್ರೆ ಗ್ನಸ್‌ಗೋಸ್ಕರ ಈಮ್ಯಾಕ್ಸ್ ಕಲೀರಿ ಅಂತ ನಾನು ಯಾರಿಗೂ ಹೇಳಲ್ಲ. ವಿಂಡೋಸಲ್ಲಿ 40ಟ್ಯೂಡ್ ಡೈಲಾಗ್‌ಗೆ ಈಗ್ಲೂ ಅಭಿಮಾನಿಗಳಿದಾರೆ, ಸ್ಕೋರಿಂಗ್ ಚೆನ್ನಾಗಿದೆ, ಆದ್ರೆ ಎಷ್ಟೋ ವರ್ಷದಿಂದ ಅಪ್‌ಡೇಟ್ ಇಲ್ಲದ ಸಾಫ್ಟ್‌ವೇರನ್ನ ಹೊಸಬರಿಗೆ ಕೊಡೋಕೆ ಮನಸ್ಸಾಗಲ್ಲ.

ಯಾವುದೇ ಸ್ಕೋರಿಂಗ್ ರೀಡರ್ ಆದ್ರೂ ಕಳೆಯೋ ರೂಲ್‌ಗಿಂತ ಮೊದ್ಲು ಕೂಡಿಸೋ ರೂಲ್ ಬರೀರಿ. ಮೊದಲನೇದು, ನಿಮ್ಮ ಪೋಸ್ಟಿಗೆ ಬಂದ ಉತ್ತರ. ಉತ್ತರದ ರೆಫರೆನ್ಸಸ್ ಹೆಡರಲ್ಲಿ ನಿಮ್ಮ ಮೆಸೇಜ್ ಐಡಿ ಇದ್ದೇ ಇರತ್ತೆ, ನಿಮ್ಮ ಐಡಿಯಲ್ಲಿ ನಿಮ್ಮದೇ ಆದ ಒಂದು ತುಂಡು ಬರೋ ಹಾಗೆ ಮಾಡ್ಕೊಂಡ್ರೆ ಅದನ್ನ ಹಿಡಿದು ಪ್ಲಸ್ ಅಂಕ ಕೊಡಬಹುದು, ಎಷ್ಟು ಗದ್ದಲ ಇದ್ರೂ ನಿಮಗೆ ಉತ್ತರ ಕೊಟ್ಟೋರು ಮೇಲೆ ಕಾಣ್ತಾರೆ. ಎರಡನೇದು, ಆ ಗ್ರೂಪಲ್ಲಿ ತಿಳಿದು ಬರೆಯೋ ನಾಲ್ಕೈದು ಜನ. ಇದಾದ ಮೇಲೆ ಕಳೆಯೋ ರೂಲ್ ಸ್ವಲ್ಪ ಒರಟಾಗಿದ್ರೂ ನಷ್ಟ ಕಡಿಮೆ. ಸಬ್ಜೆಕ್ಟಲ್ಲಿ ಬರೋ ಪದಗಳ ಮೇಲೆ ಮಾತ್ರ ಭಾರೀ ಮೈನಸ್ ಹಾಕಬೇಡಿ, ಸ್ಪ್ಯಾಮ್ ಬಗ್ಗೆ ಗಂಭೀರವಾಗಿ ಚರ್ಚೆ ಮಾಡೋರ ಸಬ್ಜೆಕ್ಟಲ್ಲೂ ಅದೇ ಪದ ಇರತ್ತೆ.

ನಿಮ್ಮ ಅಡ್ರೆಸ್ ಕಾಪಾಡ್ಕೊಳ್ಳೋಕೆ ಫ್ರಮ್‌ನಲ್ಲಿ ಬಾಯಿಗೆ ಬಂದ ಡೊಮೈನ್ ಹಾಕಬೇಡಿ, ಅದು ಯಾರದ್ದೋ ನಿಜವಾದ ಡೊಮೈನ್ ಆಗಿದ್ರೆ ಸ್ಪ್ಯಾಮ್ ಎಲ್ಲಾ ಅವರ ತಲೆ ಮೇಲೆ. ಕೊನೆಗೆ ಡಾಟ್ ಇನ್‌ವ್ಯಾಲಿಡ್ ಅಂತ ಹಾಕಿ, ಯಾರಿಗೂ ಸೇರದ ಹಾಗೆ ಕಾದಿಟ್ಟಿರೋ ಹೆಸರು ಅದು.

ಪ್ಯಾನಾ ಎಸ್ಎಲ್ಆರ್‌ಎನ್ನಾ ಅಂತ ಗೊಂದಲ ಇರೋರು ಪ್ಯಾನಿಂದಲೇ ಶುರು ಮಾಡಿ. ಎರಡರ ಸ್ಕೋರ್‌ಫೈಲ್ ಬರೆಯೋ ಕ್ರಮ ಒಂದೇ, ಹಂಗಾಗಿ ಇವತ್ತು ಮೌಸಲ್ಲಿ ಕಟ್ಟಿದ ರೂಲ್‌ಗಳನ್ನ ನಾಳೆ ಟರ್ಮಿನಲ್‌ಗೆ ಹೋದಾಗಲೂ ಎತ್ಕೊಂಡು ಹೋಗಬಹುದು. ಬ್ಯಾಕಪ್ ತಗೊಳ್ಳುವಾಗ ಆ ಒಂದು ಫೈಲನ್ನ ಮರೀಬೇಡಿ, ಸಾಫ್ಟ್‌ವೇರ್ ಮತ್ತೆ ಹಾಕ್ಕೊಳ್ಳೋದು ಐದು ನಿಮಿಷದ ಕೆಲಸ, ತಿಂಗಳುಗಟ್ಟಲೆ ತಿದ್ದಿದ ರೂಲ್‌ಗಳನ್ನ ಮತ್ತೆ ಬರೆಯೋದು ಹಂಗಲ್ಲ.