ಹುಡುಗಿಯರಿಗೆ ಸಂಜೆಯ ಬ್ಯಾಸ್ಕೆಟ್‌ಬಾಲ್ ಶೂಟಿಂಗ್ ಕೋಚಿಂಗ್, ದಾವಣಗೆರೆ: ಕಲಿಕೆ ಚೆನ್ನ, ಕೋರ್ಟ್ ಸುಮಾರು

ತಂಗಿ ಡಿಗ್ರಿ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಟೀಮಲ್ಲಿ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಮುಂದೆ ತಂದು ಆಟ ನಡೆಸುವವಳು. ವಿದ್ಯಾನಗರದ ಕಡೆ ನಡೆಯುವ ಈ ಕೋಚಿಂಗಿಗೆ ಹಾಕಿದ್ದೇ ಅವಳ ಶೂಟಿಂಗ್ ಸುಧಾರಿಸಲಿ ಅಂತ.

ಮೇಡಂ ಬೈಯ್ಯೋದು ಜಾಸ್ತಿ, ಆದರೆ ಕಣ್ಣು ಚುರುಕು. ಡ್ರಿಬಲ್ ಮಾಡುತ್ತ ಬಂದು ನಿಂತು ಎಸೆಯುವಾಗ ಇವಳ ಎಡಗಾಲು ಹಿಂದೆ ಉಳಿಯುತ್ತಿತ್ತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಪಾದ ಬರೆದು, ಅದರ ಮೇಲೇ ನಿಂತು ಎಸೆಯೋಕೆ ಹಚ್ಚಿದರು. ಪ್ರತಿ ಹುಡುಗಿಗೂ ಒಂದು ನೋಟ್‌ಬುಕ್. ಎಲ್ಲಿಂದ ಎಸೆದಳು, ಬಿತ್ತೋ ಇಲ್ಲವೋ, ಎಲ್ಲ ಅದರಲ್ಲಿ.

"ನೂರಕ್ಕೆ 35 ತ್ರೀ ಪಾಯಿಂಟರ್ ಬಿದ್ರೆ ಕಾಲೇಜ್ ಗಾರ್ಡಿಗೆ ಒಳ್ಳೇದೇ, ಮುಖ ಸಣ್ಣ ಮಾಡ್ಬ್ಯಾಡ" ಅಂದರಂತೆ. ನಿಜವೇ. ದೂರದ ಗೆರೆಯಾಚೆಯಿಂದ ಎಸೆಯುವ ಈ ಮೂರು ಪಾಯಿಂಟಿನ ಶಾಟ್, ಅಂದರೆ ತ್ರೀ, ಮೂರರಲ್ಲಿ ಒಂದು ಬಿದ್ದರೂ, ಎರಡು ಪಾಯಿಂಟಿನ ಶಾಟ್ ಅರ್ಧದಷ್ಟು ಹಾಕಿದ್ದಕ್ಕೆ ಸಮ. ಅಮೆರಿಕದ ಅಯೋವಾ ಯೂನಿವರ್ಸಿಟಿಗೆ ಆಡಿ 3,951 ಪಾಯಿಂಟ್ ಗಳಿಸಿದ ಗಾರ್ಡ್ ಕೇಟ್ಲಿನ್ ಕ್ಲಾರ್ಕ್ ಕೂಡ 2023-24ರಲ್ಲಿ ತ್ರೀ ಹಾಕಿದ್ದು ನೂರಕ್ಕೆ 38ರ ಆಸುಪಾಸು. ಎದುರಾಳಿ ಫೌಲ್ ಮಾಡಿದಾಗ ಸಿಗುವ ಫ್ರೀ ಥ್ರೋಗೆ ಮಾತ್ರ ರಿಯಾಯಿತಿ ಇಲ್ಲ. ಯಾರೂ ಅಡ್ಡ ಬರಲ್ಲ, ನೂರಕ್ಕೆ 75 ಬೀಳಲೇಬೇಕು. ತಂಗಿ ಇನ್ನೂ ಅಲ್ಲಿಗೆ ಮುಟ್ಟಿಲ್ಲ.

ಕೋರ್ಟಿನ ಕಥೆ ಬೇರೆ. 6.75 ಮೀಟರಿನ ತ್ರೀ ಪಾಯಿಂಟ್ ಗೆರೆ ಒಂದು ಕಡೆ ಪೂರಾ ಅಳಿಸಿಹೋಗಿದೆ, ಹುಡುಗಿಯರು ಅಂದಾಜಲ್ಲಿ ನಿಲ್ಲುತ್ತಾರೆ. ಕತ್ತಲಾದ ಮೇಲೆ ಆ ಬದಿಯ ರಿಂಗೇ ಸರಿಯಾಗಿ ಕಾಣಲ್ಲ. ಚೆಂಡುಗಳಲ್ಲಿ ಅರ್ಧ ಗಂಡಸರ 7ನೇ ಸೈಜಿನವು. ಹೆಂಗಸರ ಆಟಕ್ಕೆ ಬೇಕಾದ್ದು 6. ಫೀಸು ತಗೊಂಡ ಮೇಲೆ ಇಷ್ಟಾದರೂ ನೋಡಬಾರದೇ?

ಸೇರುವವರು 6ನೇ ಸೈಜಿನ ಸ್ವಂತ ಚೆಂಡು ತಗೊಂಡೇ ಹೋಗಿ.