ತಂತ್ರಾಂಶಕ್ಕೆ ಮೆಚ್ಚುಗೆ, ಜಾಲತಾಣಕ್ಕೆ ತಕರಾರು

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ರಾಯಚೂರಿನ ತೀನ್ ಕಂದೀಲ್ ಸಮೀಪದ ನಮ್ಮ ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿಯ ಹಳೆಯ ಕಂಪ್ಯೂಟರುಗಳಿಗೆ ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯನ್ನು ಹಾಕುವ ಉದ್ದೇಶದಿಂದ ಒಂದು ಮುಕ್ತ ತಂತ್ರಾಂಶ ಸಮುದಾಯದ ಜಾಲತಾಣವನ್ನು ಬಳಸಿದೆ. ಅದರ ಮುಖಪುಟದಲ್ಲಿ ಸಮುದಾಯದ ಧ್ಯೇಯ, ಸಮ್ಮೇಳನದ ಸುದ್ದಿ, ದೇಣಿಗೆಯ ಮನವಿ ಎಲ್ಲವೂ ಎದ್ದು ಕಾಣುತ್ತವೆ. ಹೊಸಬರು ಹುಡುಕಿಕೊಂಡು ಬರುವ ಡೌನ್‌ಲೋಡ್ ಕೊಂಡಿ ಮಾತ್ರ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿದೆ.

ಆ ಕೊಂಡಿಯನ್ನು ಒತ್ತಿದರೆ ಬೇರೆ ಬೇರೆ ಬಗೆಯ ಪ್ರೊಸೆಸರುಗಳಿಗೆಂದು ಎಎಂಡಿ64, ಐ386, ಎಆರ್‌ಎಂ64 ಎಂಬ ಹೆಸರಿನ ಕಡತಗಳು ಯಾವ ವಿವರಣೆಯೂ ಇಲ್ಲದೆ ತೆರೆದುಕೊಳ್ಳುತ್ತವೆ. ಇಂಟೆಲ್ ಪ್ರೊಸೆಸರ್ ಇರುವವರು ಎಎಂಡಿ64 ತಮ್ಮದಲ್ಲವೆಂದು ಬಿಟ್ಟುಬಿಡುವುದು ತೀರಾ ಸಹಜ. ಆ 64 ಬಿಟ್ ವಿನ್ಯಾಸವನ್ನು ಮೊದಲು ರೂಪಿಸಿದ್ದು ಎಎಂಡಿ ಕಂಪನಿಯಾದ್ದರಿಂದ ಹೆಸರು ಹಾಗೆ ಉಳಿದಿದೆ, ಇಂದಿನ ಇಂಟೆಲ್ ಡೆಸ್ಕ್‌ಟಾಪುಗಳಿಗೂ ಅದೇ ಕಡತ ಹೊಂದುತ್ತದೆ ಎಂಬ ಒಂದು ವಾಕ್ಯವನ್ನು ಅಲ್ಲೇ ಬರೆದಿದ್ದರೆ ಎಷ್ಟೋ ಜನರ ಗೊಂದಲ ತಪ್ಪುತ್ತಿತ್ತು. ಹೀಗೆ ಇಳಿಸಿಕೊಂಡ ಐಎಸ್‌ಒ ಕಡತವನ್ನು (ಇಡೀ ವ್ಯವಸ್ಥೆಯ ಅಳವಡಿಕೆಯ ಪ್ರತಿ) ಪೆನ್‌ಡ್ರೈವಿಗೆ ಸುಮ್ಮನೆ ಕಾಪಿ ಮಾಡಿದರೆ ಸಾಮಾನ್ಯವಾಗಿ ಕಂಪ್ಯೂಟರ್ ಅದರಿಂದ ಬೂಟ್ ಆಗುವುದಿಲ್ಲ, ಅಂದರೆ ಚಾಲೂ ಆಗುವುದಿಲ್ಲ, ಅದಕ್ಕೆಂದೇ ಇರುವ ಬೇರೆ ತಂತ್ರಾಂಶ ಬಳಸಿ ಬರೆಯಬೇಕು ಎಂಬ ಅಗತ್ಯದ ಮಾಹಿತಿಯೂ ಕೈಪಿಡಿಯ ಒಳಪುಟದಲ್ಲಿ ಅಡಗಿದೆ. ಹುಡುಕಿದರೆ ಸಿಗುವ ಲೇಖನಗಳಲ್ಲಿ ಹಲವು ಹಿಂದಿನ ಆವೃತ್ತಿಗೆ ಸೇರಿದವು.

ಇಷ್ಟೆಲ್ಲ ದಾಟಿ ಅಳವಡಿಸಿಕೊಂಡ ತಂತ್ರಾಂಶ ಮಾತ್ರ ನಿಜಕ್ಕೂ ಚೆನ್ನಾಗಿದೆ. ಅರ್ಜಿಗಳನ್ನು ಯೂನಿಕೋಡ್ ಕನ್ನಡದಲ್ಲಿ ಸಲೀಸಾಗಿ ಟೈಪಿಸಬಹುದು, ಮೆನುಗಳನ್ನೂ ಬಹುಮಟ್ಟಿಗೆ ಕನ್ನಡಕ್ಕೆ ಬದಲಿಸಿಕೊಳ್ಳಬಹುದು. ಸ್ವಯಂಸೇವಕರ ಈ ಶ್ರಮದ ಬಗ್ಗೆ ನನಗೆ ಅಪಾರ ಗೌರವವಿದೆ. ಆದ್ದರಿಂದಲೇ ಜಾಲತಾಣಕ್ಕೆ ಐದರಲ್ಲಿ ಎರಡಕ್ಕಿಂತ ಹೆಚ್ಚು ಅಂಕ ಕೊಡಲಾಗದಿರುವುದು ಬೇಸರ ತರುತ್ತದೆ. ಬಲ್ಲವರೊಬ್ಬರು ಜೊತೆಗಿದ್ದರೆ ಧೈರ್ಯವಾಗಿ ಅಳವಡಿಸಿಕೊಳ್ಳಿ.